ಸಣ್ಣ ಲೆಕ್ಕ, ದೊಡ್ಡ ಜವಾಬ್ದಾರಿ
(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಸೋಂಕು ಉಳ್ಳವರು ಸಾವಿರಕ್ಕೆ ಸುಮಾರು ಇಬ್ಬರು. ಪ್ರಮಾಣ ಸಣ್ಣದು. ಆದರೆ ದೇಶ ದೊಡ್ಡದಾದ್ದರಿಂದ ಸಂಖ್ಯೆ 20 ಲಕ್ಷವನ್ನು ಮೀರುತ್ತದೆ. ಊರು ಬಿಟ್ಟು ಮುಂಬಯಿಗೆ ದುಡಿಯಲು ಬಂದ ನಾವು ಇದನ್ನು ಪರರ ಮನೆಯ ಸುದ್ದಿಯೆಂದು ತಳ್ಳಿಬಿಡಲಾಗದು.

ಈ ರೋಗಾಣು ಒಂದೇ ಬಗೆಯದಲ್ಲ. ಎಚ್‌ಐವಿ-1, ಎಚ್‌ಐವಿ-2 ಎಂದು ಎರಡು ಕುಲ. ಲೋಕವನ್ನೆಲ್ಲ ಹಬ್ಬಿದ್ದು ಮೊದಲನೆಯದು. ಅದರಲ್ಲಿ ಎ, ಬಿ, ಸಿ, ಡಿ ಎಂದು ಹಲವು ಒಳಪಂಗಡಗಳು. ಅಮೆರಿಕದಲ್ಲಿ ಬಿ ಹೆಚ್ಚು. ಆಫ್ರಿಕದ ದಕ್ಷಿಣ ಭಾಗದಲ್ಲಿಯೂ ಭಾರತದಲ್ಲಿಯೂ ಸಿ ಹೆಚ್ಚು. 1986ರಲ್ಲಿ ಆಗಿನ ಮದ್ರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಡಾ. ನಿರ್ಮಲಾ ಅವರು ನಮ್ಮ ದೇಶದಲ್ಲಿ ಈ ಸೋಂಕನ್ನು ಮೊದಲು ಪತ್ತೆಹಚ್ಚಿದರು. ಮಣಿಪುರದ ಕಡೆ ಬಿ, ಸಿ ಬೆರೆತ ಮಿಶ್ರತಳಿಗಳೂ ಸಿಕ್ಕಿವೆ. ಪಶ್ಚಿಮ ಆಫ್ರಿಕದ ಎಚ್‌ಐವಿ-2 ನಮ್ಮ ಮುಂಬಯಿಯ ಕೆಲವರಲ್ಲಿಯೂ ಕಂಡಿದೆ.

ಇಷ್ಟು ಬಗೆ ಹೇಗಾದವು? ಒಬ್ಬ ಭಟ್ಟರು ಬರೆದಿಟ್ಟ ಅಡಿಗೆಯ ಲೆಕ್ಕವನ್ನು ಹತ್ತು ಮಂದಿ ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದರೆ ಕೊನೆಯ ಚೀಟಿಯಲ್ಲಿ ಉಪ್ಪಿನ ಅಳತೆಯೇ ಬೇರೆಯಾಗಿರುತ್ತದೆ. ಈ ರೋಗಾಣುವೂ ತನ್ನ ನಕಲು ಮಾಡುವಾಗ ತಪ್ಪುತ್ತದೆ. ತಿದ್ದುವ ಏರ್ಪಾಡು ಅದಕ್ಕಿಲ್ಲ. ಇಂದಿಗೂ ಲಸಿಕೆ ಸಿಗದಿರಲು ಇದೊಂದು ಮುಖ್ಯ ಕಾರಣ.

ಸೋಂಕು ಕಡಿಮೆ ಇರುವ ಕಡೆ ಈ ಬಗೆಗಳನ್ನು ಗುರುತಿಸುವುದರಿಂದ ಅದು ಯಾವ ದಾರಿಯಿಂದ ಬಂತು, ಎಲ್ಲಿ ಹಬ್ಬುತ್ತಿದೆ ಎಂಬ ಸುಳಿವು ಸಿಗುತ್ತದೆ. ಔಷಧಿಯ ವಿಷಯದಲ್ಲಿಯೂ ಇದು ಬೇಕು. ನೆವಿರಪಿನ್, ಎಫಾವಿರೆಂಜ್ ಎಂಬ ಮಾತ್ರೆಗಳು ಎಚ್‌ಐವಿ-2ಕ್ಕೆ ನಾಟುವುದಿಲ್ಲ. ಮಾತ್ರೆಯನ್ನು ನಡುನಡುವೆ ಬಿಟ್ಟರೆ, ಅದಕ್ಕೆ ಬಗ್ಗದ ನಕಲೇ ಉಳಿದು ಬೆಳೆಯುತ್ತದೆ. ಆದ್ದರಿಂದ ಊರಿಗೆ ಹೋಗುವವರು ಚಿಕಿತ್ಸಾಕೇಂದ್ರಕ್ಕೆ ಮೊದಲೇ ತಿಳಿಸಿ, ಅಷ್ಟು ದಿನದ ಮಾತ್ರೆಯ ಏರ್ಪಾಡು ಮಾಡಿಕೊಳ್ಳಬೇಕು. ಸರಕಾರ 2004ರಿಂದ ಈ ಔಷಧಿಯನ್ನು ಧರ್ಮಾರ್ಥ ಕೊಡುತ್ತಿದೆ. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ರೋಗಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಅದು ಇನ್ನೊಬ್ಬರಿಗೆ ಹರಡದು.

ಬಂಧುಗಳೇ, ರೋಗಾಣುವಿಗೆ ಹಲವು ಕುಲ. ದುಡಿಯುವವರಾದ ನಮಗೆ ಒಂದೇ ಕುಲ. ಒಂದು ಹೋಟೆಲಿನಲ್ಲಿ ಸುದ್ದಿ ತಿಳಿದ ದಿನವೇ ನಮ್ಮ ಮಾಣಿಯೊಬ್ಬನ ಲೆಕ್ಕ ಮುಗಿಸಿ ಹೊರಗೆ ಕಳಿಸಿದರು. ಅವನು ತೊಳೆದ ಲೋಟದಿಂದಾಗಲಿ, ತಂದಿಟ್ಟ ಚಹಾದಿಂದಾಗಲಿ ಸೋಂಕು ತಗಲುವುದಿಲ್ಲ. 2017ರ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕನ್ನೇ ನೆಪಮಾಡಿ ಕೆಲಸ ಕಸಿಯುವುದನ್ನು ಅದು ನಿಷೇಧಿಸುತ್ತದೆ. ಕೆಲಸ ಕೊಡಲು ಈ ಪರೀಕ್ಷೆ ಆಗಲೇಬೇಕೆಂದು ಮಾಲಿಕರು ಹಟ ಹಿಡಿಯುವಂತಿಲ್ಲ.

ಅಂಜಿಕೆಯಿಂದ ಪರೀಕ್ಷೆ ತಪ್ಪಿಸಿಕೊಳ್ಳುವವನು ತನಗೂ ಮನೆಯವರಿಗೂ ಕೇಡು ತಂದುಕೊಳ್ಳುತ್ತಾನೆ. ಅವನ ಅಂಜಿಕೆ ಹೋಗಬೇಕಾದರೆ ಜತೆಯ ಕೆಲಸಗಾರರು ಅವನ ಪಕ್ಕದಿಂದ ತಟ್ಟೆ ಸರಿಸಿಕೊಂಡು ಏಳಬಾರದು. ಪರೀಕ್ಷೆಗೆ ಒಬ್ಬನೇ ಹೋಗಲು ಹಿಂಜರಿಯುವವರು ಸಂಘಕ್ಕೆ ಬನ್ನಿ. ನಾವು ಜತೆಗೆ ಬರುತ್ತೇವೆ, ಹೆಸರನ್ನು ಹೊರಗೆ ಬಿಡುವುದಿಲ್ಲ.