ಬಿಳಿ ಕೋಟಿನ ಜೀತ ಬೇಡ
(ಹೊಣಕೆರೆಯಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು)



ನಮ್ಮ ಕೇರಿಗಳಲ್ಲಿ ಹಲ್ಲುನೋವು ಬಂದರೆ ಲವಂಗ ಇಟ್ಟುಕೊಳ್ಳುತ್ತಾರೆ, ಇಲ್ಲ ಕಡ್ಡಿಪುಡಿ ಒತ್ತಿಕೊಳ್ಳುತ್ತಾರೆ. ಆ ಕಡ್ಡಿಪುಡಿಯೇ ಬಾಯಿಹುಣ್ಣಾಗಿ, ಕ್ಯಾನ್ಸರಾಗಿ ನಿಂತಾಗ ಹೊಣಕೆರೆಯಿಂದ ನಾಗಮಂಗಲ, ಅಲ್ಲಿಂದ ಮಂಡ್ಯ, ಮೈಸೂರು ಅಂತ ಬಸ್ಸು ಹತ್ತಬೇಕು. ಅಲ್ಲಿ ಬಾಯಿ ನೋಡುವ ತಜ್ಞರಲ್ಲಿ ನಮ್ಮವರು ಎಷ್ಟು ಜನ? ಬುದ್ಧಿ ಸಾಲದೆ ಅಲ್ಲ, ದುಡ್ಡು ಸಾಲದೆ ನಾವು ಹಿಂದೆ ಉಳಿದಿದ್ದೇವೆ. ಇವತ್ತು ಆ ದುಡ್ಡಿನ ಲೆಕ್ಕವನ್ನೇ ಮಾತಾಡೋಣ.

ಬಿಡಿಎಸ್ ಐದು ವರ್ಷ. ತಜ್ಞರಾಗಬೇಕಾದರೆ ಎಂಡಿಎಸ್, ಮತ್ತೆ ಮೂರು ವರ್ಷ. ಅಷ್ಟರಲ್ಲಿ ಜೊತೆಯಲ್ಲಿ ಓದಿದವರು ಗಾರೆ ಕೆಲಸವೋ ಗಾರ್ಮೆಂಟ್ಸೋ ಸೇರಿ ಮನೆಗೆ ದುಡ್ಡು ಕಳಿಸುತ್ತಿರುತ್ತಾರೆ. ಊರಿಗೆ ಹೋದರೆ ಅವ್ವ ಕೇಳುತ್ತಾಳೆ: "ಡಾಕ್ಟ್ರಾದೆ ಅಂದ್ಯಲ್ಲಪ್ಪ, ಇನ್ನೂ ಎಷ್ಟು ವರ್ಷ ಓದೀಯೆ?" ಈ ಪ್ರಶ್ನೆ ನೀಟ್ ಪರೀಕ್ಷೆಗಿಂತ ಕಷ್ಟ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಿಂದ ಇದೆ. ಆದರೆ ರಾಜ್ಯದ ದಂತ ಕಾಲೇಜುಗಳಲ್ಲಿ ಬಹುಪಾಲು ಖಾಸಗಿಯವರವು. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ನಿಷೇಧ ಕಾಯ್ದೆ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಸಂವಿಧಾನಕ್ಕೆ ವಿರುದ್ಧ ಎಂದಿತು. ಹೆಸರು ಬದಲಾಯಿತು, ಮ್ಯಾನೇಜ್‌ಮೆಂಟ್ ಸೀಟಿನ ಫೀಸು ಲಕ್ಷಗಳಲ್ಲೇ ಉಳಿಯಿತು.

ಫೀಸು ಕಟ್ಟಿದರೂ ಮುಗಿಯೋದಿಲ್ಲ. ಹಲ್ಲಿನ ಓದು ಕೈಕೆಲಸದ ಓದು. ಹಲ್ಲು ಕೊರೆಯುವ ಯಂತ್ರ, ಬೇರು ಶುದ್ಧ ಮಾಡುವ ಸೂಜಿಗಳು, ಪ್ರಬಂಧದ ಖರ್ಚು ಎಲ್ಲಕ್ಕೂ ಅನೇಕ ಕಡೆ ವಿದ್ಯಾರ್ಥಿಯ ಜೇಬೇ ಗತಿ. ಇಷ್ಟು ಕೇಸು ಮುಗಿಸಲೇಬೇಕು ಅಂತ ಲೆಕ್ಕ ಇರುತ್ತದೆ. ರೋಗಿಯ ಕೈಯಲ್ಲಿ ಕಾಸಿಲ್ಲ ಅಂದರೆ ಅವರ ಹಲ್ಲುಸೆಟ್ಟಿನ ದುಡ್ಡನ್ನೂ ಕಲಿಯುವವರೇ ಹಾಕಿ ಕೇಸು ಮುಗಿಸುತ್ತಾರೆ. ಇದು ಯಾವ ಫೀಸಿನ ಪಟ್ಟಿಯಲ್ಲೂ ಇರೋದಿಲ್ಲ.

ಈಗ ಎರಡು ಮಾತನ್ನು ಬೇರೆ ಬೇರೆ ತಿಳಿಯಿರಿ. ವಿದ್ಯಾರ್ಥಿವೇತನ ಓದಲಿಕ್ಕೆ ಬರುವ ನೆರವು. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. 2021ರ ಪರಿಷ್ಕರಣೆಯಂತೆ ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು. ಹಾಸ್ಟೆಲಿನಲ್ಲಿದ್ದು ವೃತ್ತಿ ಕೋರ್ಸು ಓದುವವರಿಗೆ ಭತ್ಯೆ ವರ್ಷಕ್ಕೆ 13,500 ರೂಪಾಯಿ. ತಿಂಗಳಿಗೆ 1,125! ಮೆರಿಟ್ ನೋಡದೆ ಕೊಟ್ಟ ಮ್ಯಾನೇಜ್‌ಮೆಂಟ್ ಸೀಟಿನ ಫೀಸನ್ನು ಈ ಯೋಜನೆ ಕಟ್ಟೋದೂ ಇಲ್ಲ.

ಶಿಷ್ಯವೇತನ ಬೇರೆ. ಅದು ದುಡಿಮೆಗೆ ಬರಬೇಕಾದ ಕೂಲಿ. ಎಂಡಿಎಸ್ ಓದುವವರು ದಿನವಿಡೀ ರೋಗಿಗಳನ್ನು ನೋಡುತ್ತಾರೆ, ಕಿರಿಯರಿಗೆ ಕಲಿಸುತ್ತಾರೆ, ಹಳ್ಳಿ ಶಿಬಿರಕ್ಕೆ ಹೋಗುತ್ತಾರೆ. ದಂತ ವೈದ್ಯಕೀಯ ಪರಿಷತ್ತಿನ 2017ರ ನಿಯಮಾವಳಿಯೇ ಇದು ಪೂರ್ಣಾವಧಿ ಕೆಲಸ, ಶಿಷ್ಯವೇತನ ಕೊಡಬೇಕು ಎಂದಿದೆ. ನಡೆಯೋದೇನು? ನಮ್ಮ ಗೆಳೆಯನೊಬ್ಬನಿಗೆ ಒಂದು ಕಾಲೇಜಿನಲ್ಲಿ ಶಿಷ್ಯವೇತನ ಬ್ಯಾಂಕಿಗೆ ಬರುತ್ತಿತ್ತು, ಸಹಿ ಹಾಕಿಸಿಕೊಂಡ ಚೆಕ್ಕಿನಿಂದ ವಾಪಸ್ಸು ಹೋಗುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಪರೀಕ್ಷೆ ಅವರ ಕೈಯಲ್ಲಿತ್ತು.

ನಮ್ಮ ತಾತಂದಿರು ಹೊಟ್ಟೆಬಟ್ಟೆಗೆ ಜೀತ ಇದ್ದರು. ಕಾನೂನು 1976ರಲ್ಲಿ ಜೀತವನ್ನು ರದ್ದು ಮಾಡಿತು. ಮೊಮ್ಮಕ್ಕಳು ಬಿಳಿ ಕೋಟು ಹಾಕಿ, ತಾವೇ ದುಡ್ಡು ಕೊಟ್ಟು ಜೀತ ಇರಬೇಕೆ?

ಬಾಬಾಸಾಹೇಬರನ್ನು ನೆನೆಯಿರಿ. 1913ರಲ್ಲಿ ಬರೋಡಾ ಸಂಸ್ಥಾನ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟಿದ್ದರಿಂದ ಅವರು ಕೊಲಂಬಿಯಾಕ್ಕೆ ಹೋದರು. ಆ ನೆರವಿನ ಅವಧಿ ಮುಗಿದಾಗ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಅಂಥವರ ಓದನ್ನೇ ದುಡ್ಡು ನಿಲ್ಲಿಸಿತು. ಆದರೆ ಅವರು ಬಿಡಲಿಲ್ಲ. 1920ರಲ್ಲಿ ಮತ್ತೆ ಹೋಗಿ ಮುಗಿಸಿದರು.

ಆದ್ದರಿಂದ ಗೆಳೆಯರೆ, ಹೆದರಿ ಬಿಡಬೇಡಿ, ಲೆಕ್ಕ ಕೇಳದೆ ಸೇರಲೂ ಬೇಡಿ. ಸರ್ಕಾರಿ ಸೀಟಿಗೆ ಮೊದಲು ನುಗ್ಗಿ. ಸೇರುವ ಮುಂಚೆ ಶಿಷ್ಯವೇತನ ಎಷ್ಟು, ಉಪಕರಣ ಯಾರದು ಅಂತ ಅಲ್ಲಿ ಈಗ ಓದುತ್ತಿರುವವರನ್ನು ಕೇಳಿ. ಕಟ್ಟಿದ ಪ್ರತಿ ಕಾಸಿಗೂ ರಸೀದಿ ಇಟ್ಟುಕೊಳ್ಳಿ. ಬರೆಯದ ಚೆಕ್ಕಿಗೆ ಸಹಿ ಹಾಕಬೇಡಿ. ಒಬ್ಬರೇ ಕೇಳಿದರೆ ಫೇಲು ಮಾಡಿಯಾರು. ನಲವತ್ತು ಜನ ಒಟ್ಟಿಗೆ ಕೇಳಿದರೆ ಉತ್ತರ ಕೊಡಲೇಬೇಕು.

ಕೇಳುತ್ತಿರೋದು ಭಿಕ್ಷೆಯಲ್ಲ, ದುಡಿದ ಕೂಲಿ.

ಜೈಭೀಮ್.