ಇಳಿಯುವಾಗ ಗೊತ್ತಾಗುವ ಶೂ

ಮಳೆ ಹಿಂದೆ ಸರಿದು ಬೆಳಗಿನ ಗಾಳಿ ತಂಪಾಗುತ್ತಿದ್ದಂತೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಾರತ್ತಹಳ್ಳಿ ಕಡೆಯ ಅಪ್ಪ ಅಮ್ಮಂದಿರಿಗೆಲ್ಲ ಬೆಟ್ಟದ ನೆನಪಾಗುತ್ತದೆ. ಅದರ ಹಿಂದೆಯೇ ನನಗೆ ಪ್ರಶ್ನೆಗಳು ಬರುತ್ತವೆ. "ಮಗಳಿಗೆ ಐದು ವರ್ಷ, ಶನಿವಾರ ಅಂತರಗಂಗೆಗೆ ಹೊರಟಿದ್ದೀವಿ. ಟ್ರೆಕ್ಕಿಂಗ್ ಶೂ ಕೊಡಿಸ್ಬೇಕಾ? ಕೊಡಿಸಿದ್ರೆ ಕಾಲು ಉಳುಕಲ್ವಾ? ಕೊಡಿಸದಿದ್ರೆ ಪಾದ ಹಾಳಾಗುತ್ತಾ?" ಮನೆಯಲ್ಲಿ ಅಜ್ಜಿ ಇದ್ದರೆ ಅವರದು ಇನ್ನೊಂದು ದನಿ: "ನಾವೆಲ್ಲ ಬರಿಗಾಲಲ್ಲೇ ಗುಡ್ಡ ಹತ್ತಿದೋರು, ಇದೇನು ಹೊಸ ವರಸೆ?"

ಅಜ್ಜಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ಕಡೆ ಸಾಕ್ಷಿ ಇದೆ, ಅದೂ ನಮ್ಮ ಕರಾವಳಿಯಿಂದ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತು ತೆಗೆದು, 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಬರೆದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡಾ 8.6, ಹಾಕದವರಲ್ಲಿ 2.8. ಪಾದರಕ್ಷೆ ಹಾಕುವವರಲ್ಲೂ ಮುಂಭಾಗ ಮುಚ್ಚಿದ ಶೂ ಹಾಕುವ ಮಕ್ಕಳಲ್ಲೇ ಅದು ಹೆಚ್ಚು. ಚಪ್ಪಲಿ, ಸ್ಯಾಂಡಲ್‌ನವರಲ್ಲಿ ಕಡಿಮೆ. ಈಗಲೂ ಜಗತ್ತಿನ ಪಾದತಜ್ಞರು ಮಕ್ಕಳ ಶೂ ಬಗ್ಗೆ ಮಾತಾಡುವಾಗ ಮಣಿಪಾಲದ ಈ ಅಂಕಿಗಳನ್ನು ಮುಂದಿಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಮಾತ್ರ "ಕಾಲಿಗೆ ಸಪೋರ್ಟ್ ಬೇಕು ಮೇಡಂ" ಎನ್ನುವ ಪಾಠ ನಿಂತಿಲ್ಲ. ಆರು ವರ್ಷದೊಳಗಿನ ಮಗುವಿನ ಪಾದದಡಿ ಕೊಬ್ಬಿನ ಮೆತ್ತೆ ಇರುತ್ತದೆ, ಪಾದ ಚಪ್ಪಟೆಯಾಗಿಯೇ ಕಾಣುತ್ತದೆ. ಅದು ಕಾಯಿಲೆಯಲ್ಲ. ಅದಕ್ಕೆಂದು ಕಮಾನಿನ ಗಟ್ಟಿ ಮೆತ್ತೆ ಕೊಳ್ಳಬೇಡಿ.

ಹಾಗಾದರೆ ಬೆಟ್ಟಕ್ಕೂ ಬರಿಗಾಲೇ? ಅಲ್ಲ. ಗಾಜಿನ ಚೂರು, ಜಾಲಿ ಮುಳ್ಳು, ಹನ್ನೊಂದು ಗಂಟೆಗೆ ಕಾದು ಸುಡುವ ಬಂಡೆ ಇವೆಲ್ಲ ಇರುವ ಕಡೆ ಶೂ ಬೇಕು. ಬೆಟ್ಟದ ಶೂ ಬೆಟ್ಟಕ್ಕೆ, ಮನೆಯಲ್ಲಿ ಬರಿಗಾಲು. ಕ್ರೀಚಿನಲ್ಲಿ, ಶಾಲೆಯಲ್ಲಿ, ಪಾರ್ಕಿನಲ್ಲಿ ಎಲ್ಲೆಡೆ ಅದೇ ದಪ್ಪ ಶೂ ಹಾಕಿ ಓಡಾಡಿಸುವುದು ಬೇಡ. ಮೆಟ್ಟಿಲಿರುವ ಬೆಟ್ಟಕ್ಕೆ ಎರಡು ತಾಸಿನ ಪ್ರವಾಸವಾದರೆ, ಅಟ್ಟೆ ಸವೆಯದ ಆಟದ ಶೂ ಧಾರಾಳವಾಗಿ ಸಾಕು. ಇನ್ನು ಐದು ವರ್ಷದ ಮಗುವನ್ನು ಸಾವನದುರ್ಗದ ಬೋಳು ಬಂಡೆಗೆ ಕರೆದೊಯ್ಯುವವರು ಶೂ ಬಗ್ಗೆ ನನ್ನನ್ನು ಕೇಳಬೇಡಿ, ಮೊದಲು ಬೇರೆ ಬೆಟ್ಟ ಹುಡುಕಿ.

ಈಗ ಕೊಳ್ಳುವ ವಿಚಾರ. ಹೊರವರ್ತುಲ ರಸ್ತೆಯ ಯಾವ ಅಂಗಡಿಗೆ ಹೋದರೂ ಕಾಣುವ ದೃಶ್ಯ ಒಂದೇ. ಮಗು ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿರುತ್ತದೆ. ಅಪ್ಪ ಮಂಡಿಯೂರಿ ಶೂವಿನ ಮೂತಿಯನ್ನು ಹೆಬ್ಬೆಟ್ಟಿನಲ್ಲಿ ಒತ್ತಿ "ಬೆರಳು ಎಲ್ಲಿದೆ ಪುಟ್ಟಾ?" ಎನ್ನುತ್ತಾರೆ. ಒತ್ತಿದ ಕ್ಷಣ ಮಗು ಬೆರಳು ಮಡಚಿಕೊಳ್ಳುತ್ತದೆ. ಒಳಗೆ ಖಾಲಿ ಎನಿಸುತ್ತದೆ. "ಆರಾಮಾಗಿದೆಯಾ?" ಎಂದರೆ ಶೂ ಮೇಲೆ ಡೈನೋಸಾರ್ ಚಿತ್ರವಿದ್ದರೆ ಮಗು ಇಲ್ಲ ಎನ್ನುತ್ತದೆಯೇ? ಜೊತೆಗೆ ಅಂಗಡಿಯ ಹುಡುಗನ ಸಲಹೆ: "ಬೆಳೆಯೋ ಮಗು ಸಾರ್, ಒಂದು ಸೈಜ್ ಜಾಸ್ತಿನೇ ತಗೊಳ್ಳಿ."

ಹೆಬ್ಬೆಟ್ಟಿನ ಪರೀಕ್ಷೆ ಬಿಟ್ಟುಬಿಡಿ. ಹಿಂದಿನ ಸಂಜೆ ಮನೆಯಲ್ಲೇ ರಟ್ಟಿನ ಮೇಲೆ ಮಗುವನ್ನು ನಿಲ್ಲಿಸಿ. ಕೂರಿಸಿ ಅಲ್ಲ, ನಿಲ್ಲಿಸಿ. ಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಎರಡೂ ಪಾದಗಳ ಅಂಚಿಗೆ ಪೆನ್ಸಿಲ್ ಎಳೆಯಿರಿ. ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು, ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಅಳೆದು, 12 ಮಿಲಿಮೀಟರ್ ಸೇರಿಸಿ, ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಪಾದ 17 ಸೆಂಟಿಮೀಟರ್ ಇದ್ದರೆ ಪಟ್ಟಿ 18.2. ಅಂಗಡಿಯಲ್ಲಿ ಆ ಪಟ್ಟಿಯನ್ನು ಶೂ ಒಳಗೆ ಇಳಿಸಿ. ಮಡಚಿಕೊಂಡರೆ ಶೂ ಚಿಕ್ಕದು, ಹಿಂದೆ ಮುಂದೆ ಓಲಾಡಿದರೆ ದೊಡ್ಡದು. ಈ ವಯಸ್ಸಿನಲ್ಲಿ ಪಾದ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುತ್ತದೆ, ಹಾಗಾಗಿ ಆ 12ರಲ್ಲೇ ಆರು ತಿಂಗಳ ಬೆಳವಣಿಗೆ ಅಡಗಿದೆ. ಅದರ ಮೇಲೆ ಇನ್ನೊಂದು ಸೈಜು ಯಾಕೆ?

ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ತೀರಾ ನಂಬಬೇಡಿ. ಇಂಗ್ಲಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ಅಂತರ, ಯೂರೋಪಿನ ಅಳತೆಯಲ್ಲಿ 6.7. ಎರಡೂ ನಮ್ಮ ಪಾದ ನೋಡಿ ಮಾಡಿದ ಅಳತೆಗಳಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, "ಭಾ" ಎಂಬ ಭಾರತೀಯ ಅಳತೆಯನ್ನು ಮುಂದಿಟ್ಟರು. ಅವರು ಕಂಡ ಮುಖ್ಯ ಸಂಗತಿ, ನಮ್ಮವರ ಪಾದ ಅಗಲ. ಅಗಲದ ಪಾದ ಕಿರಿದಾದ ಶೂಗೆ ಹೋಗುವುದಿಲ್ಲ, ಆಗ ನಾವು ಉದ್ದದ ಶೂ ಕೊಳ್ಳುತ್ತೇವೆ. ಅಗಲ ಸಿಕ್ಕಿತು ಎಂದುಕೊಂಡರೆ ಉದ್ದ ಉಳಿಯಿತು. ಮೂತಿ ಅಗಲವಾಗಿರುವ ಬೇರೆ ಮಾದರಿ ಕೇಳಬೇಕೇ ಹೊರತು ದೊಡ್ಡ ಅಂಕಿಯನ್ನಲ್ಲ.

ಉದ್ದ ಉಳಿದರೆ ಏನಾಯಿತು, ದಪ್ಪ ಕಾಲುಚೀಲ ಹಾಕಿದರಾಯಿತು ಎನ್ನುತ್ತೀರಿ. ಇಲ್ಲಿ ನಿಲ್ಲುತ್ತೇನೆ. ಇವತ್ತು ಬೇರೆಲ್ಲ ಮರೆತರೂ ಇದೊಂದನ್ನು ಕೇಳಿ. ಬೆಟ್ಟದಲ್ಲಿ ಶೂ ಪರೀಕ್ಷೆಯಾಗುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹತ್ತುವಾಗ ಪಾದ ಹಿಂದಕ್ಕೆ, ಹಿಮ್ಮಡಿಯತ್ತ ಒರಗುತ್ತದೆ. ಇಳಿಯುವಾಗ ಪ್ರತಿ ಹೆಜ್ಜೆಗೂ ಇಡೀ ಮೈಯ ಭಾರ ಪಾದವನ್ನು ಮುಂದಕ್ಕೆ ತಳ್ಳುತ್ತದೆ. ಪಾದ ಶೂ ಒಳಗೆ ಜಾರುತ್ತದೆ, ಏನಾದರೂ ತಡೆಯುವವರೆಗೆ ಜಾರುತ್ತದೆ. ತಡೆಯಬೇಕಾದ್ದು ಪಾದದ ಮೇಲ್ಭಾಗಕ್ಕೆ ಬಿಗಿದ ಲೇಸು ಅಥವಾ ಪಟ್ಟಿ. ಅದು ತಡೆಯದಿದ್ದರೆ ತಡೆಯುವುದು ಹೆಬ್ಬೆರಳಿನ ಉಗುರು. ಚಿಕ್ಕ ಶೂನಲ್ಲಿ ಬೆರಳು ಮೊದಲೇ ಗೋಡೆಗೆ ತಾಗಿರುತ್ತದೆ. ದೊಡ್ಡ ಶೂನಲ್ಲಿ ಜಾರಲು ಜಾಗ ಇರುವುದರಿಂದ ಇನ್ನೂ ಜೋರಾಗಿ ಹೋಗಿ ಕುಟ್ಟುತ್ತದೆ. ಇತ್ತ ಹಿಮ್ಮಡಿ ಪ್ರತಿ ಹೆಜ್ಜೆಗೂ ಎದ್ದು ಉಜ್ಜಿ, ಶೂ ಕಚ್ಚಿ ಬೊಬ್ಬೆ ಏಳುತ್ತದೆ. ಉಗುರು ಕಪ್ಪಾಗುತ್ತದೆ. ಅದನ್ನು ನೋಡಿ "ಶೂ ಚಿಕ್ಕದಾಯ್ತು" ಎಂದು ಮುಂದಿನ ಸಲ ಮತ್ತೂ ದೊಡ್ಡದು ತರುವವರನ್ನು ನಾನು ನೋಡಿದ್ದೇನೆ!

ಇನ್ನೊಮ್ಮೆ ಹೇಳಿಬಿಡುತ್ತೇನೆ. ಹಿಮ್ಮಡಿ ಹಿಂದೆ ಗಟ್ಟಿಯಾಗಿ ಕೂತಿರಬೇಕು. ಪಾದದ ಮೇಲ್ಭಾಗ ಬಿಗಿಯಾಗಿರಬೇಕು. ಮುಂದೆ ಬೆರಳು ಸಡಿಲವಾಗಿ ಆಡುತ್ತಿರಬೇಕು. ನಮ್ಮಲ್ಲಿ ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬೆರಳ ಕಡೆ ಬಿಗಿ, ಮೇಲೆ "ಪಾಪ, ನೋವಾಗುತ್ತೆ" ಎಂದು ಸಡಿಲ.

ಆದ್ದರಿಂದ ಅಂಗಡಿಯ ಸಮತಟ್ಟು ನೆಲದಲ್ಲಿ ನಾಲ್ಕು ಹೆಜ್ಜೆ ನಡೆಸಿ ದುಡ್ಡು ಕೊಡಬೇಡಿ. ಕೆಲವು ಅಂಗಡಿಗಳಲ್ಲಿ ಇಳಿಜಾರಿನ ಹಲಗೆ ಇಟ್ಟಿರುತ್ತಾರೆ. ಇಲ್ಲದಿದ್ದರೆ ಮಹಡಿ ಮೆಟ್ಟಿಲು ಇಳಿಸಿ. ಮನೆಗೆ ತಂದ ಮೇಲೆ ಅಟ್ಟೆ ಕೊಳೆಯಾಗದಂತೆ, ಹಲಗೆಯೊಂದನ್ನು ಗಟ್ಟಿಯಾಗಿ ಓರೆ ನಿಲ್ಲಿಸಿ, ಕೈ ಹಿಡಿದು ಹತ್ತಾರು ಸಲ ಇಳಿಸಿ. ಸಂಜೆಯ ಹೊತ್ತು, ಆಡಿ ಬಂದ ಕಾಲಿನಲ್ಲಿ, ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿ. ಆಮೇಲೆ ಚೀಲ ಬಿಚ್ಚಿ ಬೆರಳ ತುದಿ, ಹಿಮ್ಮಡಿ ನೋಡಿ. ಕೆಂಪು ಗುರುತು ಹತ್ತು ನಿಮಿಷವಾದರೂ ಹೋಗದಿದ್ದರೆ ಶೂ ವಾಪಸ್. ಇಟ್ಟುಕೊಳ್ಳುವುದು ಎಂದು ತೀರ್ಮಾನವಾದರೆ, ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಟ್ಟವಿಲ್ಲದಿದ್ದರೂ ಬೇಸ್‌ಮೆಂಟಿಗೆ ಇಳಿಯುವ ಗೀರು ಹೊಡೆದ ಕಾಂಕ್ರೀಟ್ ಇಳಿಜಾರು ಇದ್ದೇ ಇದೆ. ಕಾರಿನ ಓಡಾಟ ಕಡಿಮೆ ಇರುವ ಹೊತ್ತಿನಲ್ಲಿ, ಮೇಲೊಬ್ಬರು ಕಾವಲು ನಿಂತು ಒಂದು ವಾರ ಅಭ್ಯಾಸ ಮಾಡಿಸಿ. ಹೊಸ ಶೂ ಹಾಕಿಸಿ ಸೀದಾ ಬೆಟ್ಟಕ್ಕೆ ಹೊರಡಬೇಡಿ.

ಮಗು ನೋವು ಹೇಳುತ್ತದೆ ಎಂದು ಕಾಯಬೇಡಿ. ಅದರ ಪಾದದಲ್ಲಿ ಇನ್ನೂ ಎಷ್ಟೋ ಭಾಗ ಮೆದು ಮೂಳೆ. ಕಮಾನಿನ ನೆತ್ತಿಯಲ್ಲಿರುವ ಮೂಳೆ ಗಟ್ಟಿಯಾಗತೊಡಗುವುದೇ ಸುಮಾರು 3ನೇ ವರ್ಷದ ಹೊತ್ತಿಗೆ. ಇಕ್ಕಟ್ಟಾದರೆ ಬಾಗುತ್ತದೆ, ಹೊಂದಿಕೊಂಡುಬಿಡುತ್ತದೆ. ನಾನು ಮಕ್ಕಳ ಗುಂಪು ಕಟ್ಟಿಕೊಂಡು ಬೆಟ್ಟ ಸುತ್ತುವವಳು. ಹತ್ತುವಾಗ ಎಲ್ಲರಿಗಿಂತ ಮುಂದೆ ಓಡಿದ ಮಗು ಇಳಿಯುವಾಗ ಕೂತು "ಎತ್ಕೋ" ಎಂದರೆ ನಾನು ಅದನ್ನು ಹಟ ಎಂದುಕೊಳ್ಳುವುದಿಲ್ಲ. ಮೊದಲು ಶೂ ಬಿಚ್ಚಿ ನೋಡುತ್ತೇನೆ.

ನಮ್ಮ ಬೆಟ್ಟಗಳಲ್ಲಿ ಇನ್ನೊಂದು ತೊಡಕಿದೆ. ಅಂತರಗಂಗೆಯನ್ನೇ ತೆಗೆದುಕೊಳ್ಳಿ. ಕೋಲಾರದ ಪಕ್ಕ ಶತಶೃಂಗದ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಬಸವನ ಬಾಯಿಂದ ಬೀಳುವ ನೀರು. ಶಿವಗಂಗೆ, ರಾಮದೇವರ ಬೆಟ್ಟದಲ್ಲೂ ಹೀಗೇ. ಗುಡಿ ಎಂದ ಮೇಲೆ ಶೂ ಬಿಚ್ಚಲೇಬೇಕು. ಬಿಚ್ಚಿದ್ದನ್ನು ಮತ್ತೆ ಹಾಕುವುದು ಇಳಿಯುವ ಮುಂಚೆ, ಗಡಿಬಿಡಿಯಲ್ಲಿ, ಒದ್ದೆ ಕಾಲಿಗೆ, ಕೋತಿಗಳ ಮೇಲೆ ಒಂದು ಕಣ್ಣಿಟ್ಟುಕೊಂಡು. ಬೆಳಿಗ್ಗೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಇಳಿಯುವ ಹೊತ್ತಿಗೆ ಸಡಿಲವಾಗಿರುತ್ತದೆ. ಬಿಗಿ ಬೇಕಾದದ್ದು ಸರಿಯಾಗಿ ಆಗಲೇ! ಹಾಗಾಗಿ ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಕಾಲು ಒರೆಸಿ, ಒಣ ಕಾಲುಚೀಲ ಹಾಕಿ. ಶೂ ಹಾಕಿದ ಮೇಲೆ ಮಗುವಿಗೆ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಲು ಹೇಳಿ. ಹಿಮ್ಮಡಿ ಹಿಂದೆ ಕೂತ ಮೇಲೆ ಕೆಳಗಿನಿಂದ ಬಿಗಿಯುತ್ತ ಮೇಲೆ ಬನ್ನಿ. ಏಳರೊಳಗಿನ ಮಕ್ಕಳಿಗೆ ಅಗಲವಾದ ವೆಲ್ಕ್ರೋ ಪಟ್ಟಿಯೇ ವಾಸಿ. ಅದನ್ನು ಕೀಳು ಎಂದುಕೊಳ್ಳುವವರು ಹತ್ತು ಮಕ್ಕಳ ಲೇಸು ಕಟ್ಟಿ ನೋಡಬೇಕು.

ಸಮಯ ಮುಗಿಯುತ್ತ ಬಂತು, ಉಳಿದದ್ದು ಬೇಗ ಬೇಗ. ಕಣಕಾಲು ಮುಚ್ಚುವ ಎತ್ತರದ ಬೂಟು ಹಾಕಿದರೆ ಕಾಲು ಉಳುಕುವುದಿಲ್ಲ ಎಂಬ ನಂಬಿಕೆಗೆ ಚಿಕ್ಕ ಮಕ್ಕಳ ಮಟ್ಟಿಗೆ ಆಧಾರ ಕಡಿಮೆ. ಮುಳ್ಳು, ಮಣ್ಣು ಒಳಗೆ ಬರದಿರಲು ಅದು ಸರಿ, ಆದರೆ ಕಣಕಾಲು ಆಡಲು ಬಿಡಬೇಕು. ಅಟ್ಟೆ ಬೆರಳುಗಳ ಬುಡದಲ್ಲಿ ಮಡಿಯಬೇಕು, ನಡುವೆ ಮಡಿಯಬಾರದು. ನಿಮ್ಮ ಕೈಗೇ ಬಗ್ಗದ ಅಟ್ಟೆ ಮಗುವಿನ ಕಾಲಿಗೆ ಬಗ್ಗುತ್ತದೆಯೇ? ನೀರು ಹೋಗದ ಶೂ ಎಂದು ದುಪ್ಪಟ್ಟು ದುಡ್ಡು ಸುರಿಯುವ ಅಗತ್ಯ ಬಯಲುಸೀಮೆಯ ಬೆಟ್ಟಗಳಿಗಿಲ್ಲ, ಒಳಗೆ ಬೆವರಿ ಅಲ್ಲೇ ನೆನೆಯುತ್ತದೆ. ಮಳೆಗಾಲದ ಮಲೆನಾಡಿಗೆ ಹೊರಟರೆ ನೀರು ಶೂವಿನ ಬಾಯಿಂದಲೇ ಒಳಗೆ ಇಳಿದು ಬರುತ್ತದೆ. ಅಲ್ಲಿ ಬೇಕಾದದ್ದು ಬೇಗ ಒಣಗುವ ಶೂ, ಇಂಬಳ ನುಸುಳದ ಉದ್ದದ ಕಾಲುಚೀಲ, ರಾತ್ರಿ ಒಳಗೆ ತುರುಕಲು ಹಳೇ ದಿನಪತ್ರಿಕೆ.

ಕೊನೆಗೆ, ಬಹಳ ಜನ ಸಂಕೋಚದಿಂದ ಕೇಳುವ ಪ್ರಶ್ನೆ: ಅಕ್ಕನ ಶೂ ತಮ್ಮನಿಗೆ ಹಾಕಬಹುದೇ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೊಡುತ್ತೇನೆ ಎಂದದ್ದನ್ನು ತರಬಹುದೇ? ಧಾರಾಳವಾಗಿ. ಆರು ತಿಂಗಳಲ್ಲಿ ಮೂರು ಬೆಟ್ಟ ಕಂಡ ಶೂ ಸವೆದಿರುವುದಾದರೂ ಎಷ್ಟು? ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಪಕ್ಕಕ್ಕೆ ವಾಲಿದ್ದರೆ ಬೇಡ. ನೇರ ನಿಂತಿದ್ದರೆ ಒಳಅಟ್ಟೆ ತೆಗೆದು ಬಿಸಿಲಿಗಿಟ್ಟು, ರಟ್ಟಿನ ಪಟ್ಟಿ ಇಳಿಸಿ ನೋಡಿ, ಆಮೇಲೆ ಹಲಗೆಯ ಮೇಲೆ ಇಳಿಸಿ.