ಪಟ್ಟು ಬಿಡದ ಲೋಡು



2010ರ ಸೆಪ್ಟೆಂಬರ್ 23ರ ನಸುಕು. ಕ್ವೀನ್ ಮೇರಿ 2 ಎಂಬ ಪ್ರಯಾಣಿಕರ ಹಡಗು ಬಾರ್ಸಿಲೋನಾ ಸಮೀಪಿಸುತ್ತಿತ್ತು. 4.25ಕ್ಕೆ ಹಿಂಭಾಗದ ಕೋಣೆಯೊಂದರಲ್ಲಿ ಸ್ಫೋಟ. ಕೆಲವೇ ಸೆಕೆಂಡಿನಲ್ಲಿ ನಾಲ್ಕೂ ಮೋಟರು ನಿಂತು ಹಡಗಿಗೆ ಹಡಗೇ ಕತ್ತಲಾಯಿತು. ಮತ್ತೆ ಹೊರಟದ್ದು 5.23ಕ್ಕೆ. ಯಾರಿಗೂ ಗಾಯವಾಗಲಿಲ್ಲ, ಸುತ್ತ ತೆರೆದ ಕಡಲಿದ್ದದ್ದು ಪುಣ್ಯ.

ಸಿಡಿದದ್ದು ಎಂಜಿನ್ ಅಲ್ಲ, ಹಾರ್ಮೋನಿಕ್ ಫಿಲ್ಟರಿನ ಕೆಪಾಸಿಟರು. ಮೋಟರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಕನ್ವರ್ಟರು ಕರೆಂಟಿನ ಅಲೆಯನ್ನು ಒರಟಾಗಿ ಕೊಯ್ಯುತ್ತದೆ. ಆ ಒರಟನ್ನು ನಯಮಾಡುವುದು ಫಿಲ್ಟರಿನ ಕೆಲಸ. ಕೆಪಾಸಿಟರು ಹಳತಾಗುತ್ತಿದ್ದರೆ ಎಚ್ಚರಿಸಬೇಕಿದ್ದ ಸಾಧನ ವರ್ಷಗಳಿಂದ ಕೆಟ್ಟು ಕೂತಿತ್ತೆಂದು ಬ್ರಿಟನ್ನಿನ ತನಿಖೆ ಕಂಡುಕೊಂಡಿತು.

ನಮ್ಮ ಮನೆಯಲ್ಲಿ ಮಿಕ್ಸಿ ಹಾಕಿದರೆ ಶರಾವತಿಯ ಟರ್ಬೈನಿಗೆ ಅದರ ಸುಳಿವೂ ಹತ್ತುವುದಿಲ್ಲ. ಹಡಗಿನಲ್ಲಿ ಆ ಸುಖವಿಲ್ಲ. ಇರುವುದು ನಾಲ್ಕಾರು ಜನರೇಟರು. ಅವು ಕೊಟ್ಟದ್ದರಲ್ಲಿ ದೊಡ್ಡ ಪಾಲನ್ನು ಪ್ರೊಪೆಲ್ಲರಿನ ಮೋಟರುಗಳೇ ನುಂಗುತ್ತವೆ. ಒಬ್ಬ ಸೀನಿದರೆ ಮನೆಮಂದಿಗೆಲ್ಲ ಎಚ್ಚರ! ಈ ಬಗೆಯ ಡೀಸೆಲ್-ಎಲೆಕ್ಟ್ರಿಕ್ ಹಡಗು ನಮಗೆ ದೂರದ ಮಾತೂ ಅಲ್ಲ. ನಾರ್ವೆಯ ವಿಲ್ಸನ್ ಕಂಪನಿ ಅಂಥ ಸರಕು ಹಡಗುಗಳಿಗೆ ಆರ್ಡರ್ ಕೊಟ್ಟದ್ದು ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿಗೆ.

ನಯಮಾಡುವ ಕೆಲಸದ ಒಂದಂಶ ಈಗ ಪೆಟ್ಟಿಗೆಯಿಂದ ಸಾಫ್ಟ್‌ವೇರಿಗೆ ಬಂದಿದೆ. ಕನ್ವರ್ಟರಿನೊಳಗೆ ಕುಳಿತ ಚಿಪ್ಪು ಅಳೆಯುತ್ತದೆ, ಲೆಕ್ಕ ಹಾಕುತ್ತದೆ, ಸ್ವಿಚ್ಚುಗಳಿಗೆ ಆಜ್ಞೆ ಕೊಡುತ್ತದೆ. ಸೆಕೆಂಡಿಗೆ 10,000 ಸಲ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 100 ಮೈಕ್ರೋಸೆಕೆಂಡು. ಅಳತೆಯಿಂದ ಪರಿಣಾಮದವರೆಗೆ ಸುಮಾರು ಒಂದೂವರೆ ಸುತ್ತು, ಅಂದರೆ 150 ಮೈಕ್ರೋಸೆಕೆಂಡು ತಡ. ಇಷ್ಟಕ್ಕೇನು ಎನ್ನಬೇಡಿ. ಜೋಕಾಲಿ ನಿಲ್ಲಿಸಲು ಚಾಚಿದ ಕೈ ಹೊತ್ತು ತಪ್ಪಿ ತಗಲಿದರೆ ಅದು ನೂಕಿದಂತೆಯೇ. ಫಿಲ್ಟರಿನಲ್ಲಿ ಕರೆಂಟೂ ಜೋಕಾಲಿಯಂತೆ ತೂಗುತ್ತದೆ. ಆ ತೂಗಾಟ ಸೆಕೆಂಡಿಗೆ 1,667 ಸಲ ದಾಟಿದರೆ ಈ ತಡ ಒಂದು ತೂಗಾಟದ ಕಾಲುಭಾಗವನ್ನು ಮೀರುತ್ತದೆ; ಅಲ್ಲಿಂದಾಚೆ ತೂಗಾಟ ತಡೆಯಲೆಂದು ಬರೆದ ಸಾಫ್ಟ್‌ವೇರಿನ ಸಾಲೇ ಅದನ್ನು ತೂಗತೊಡಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇದಲ್ಲ, ಕನ್ವರ್ಟರಿನ ಹಠ. ಒಂದು ಹೀಟರು 1,000 ವೋಲ್ಟಿನಲ್ಲಿ 1,000 ಆಂಪಿಯರ್ ಎಳೆಯುತ್ತಿದ್ದರೆ, ವೋಲ್ಟೇಜ್ 900ಕ್ಕೆ ಇಳಿದಾಗ 900 ಆಂಪಿಯರಿಗೆ ತೃಪ್ತಿಪಡುತ್ತದೆ. ಬಡಪಾಯಿ, ಮನೆಯ ಕಷ್ಟ ಅರಿತದ್ದು. ಕನ್ವರ್ಟರು ಚೆನ್ನಾಗಿ ಕಂಟ್ರೋಲ್ ಮಾಡಿದ ಮೋಟರು ಹಾಗಲ್ಲ. ಅದಕ್ಕೆ ಹೇಳಿದಷ್ಟು ಕಿಲೋವ್ಯಾಟ್ ಬರಲೇಬೇಕು. 900 ವೋಲ್ಟಾದರೆ 1,111 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಅದು ಇನ್ನೂ ಎಳೆಯುತ್ತದೆ. ಕಂಟ್ರೋಲ್ ಎಷ್ಟು ಚುರುಕೋ ಹಠ ಅಷ್ಟು ಬಿಗಿ. ಪ್ರಯೋಗಾಲಯದಲ್ಲಿ ಒಂಟಿಯಾಗಿ ನಿಂತಾಗ ನೂರಕ್ಕೆ ನೂರು ಅಂಕ ಪಡೆದ ಕನ್ವರ್ಟರು ಹಡಗು ಹತ್ತಿದ ಮೇಲೆ ರಂಪ ಮಾಡುವುದು ಹೀಗೆ.

ಕೆಪಾಸಿಟರನ್ನು ದೊಡ್ಡದು ಮಾಡಿ ಬಾಯಿ ಮುಚ್ಚಿಸಬಹುದು. ಆದರೆ ತೂಕ, ಜಾಗ, ಮೇಲೆ ಬಾರ್ಸಿಲೋನಾದ ನೆನಪು. ನನಗೆ ಹಿಡಿಸಿದ್ದು ಬೇರೆ ದಾರಿ: ವೋಲ್ಟೇಜ್ ದಿಢೀರನೆ ಕುಸಿದರೆ ಕೆಲವು ಮಿಲಿಸೆಕೆಂಡು ಕಡಿಮೆ ವಿದ್ಯುತ್ತಿಗೆ ಒಪ್ಪಿಕೋ ಎಂದು ಚಿಪ್ಪಿಗೆ ಕಲಿಸುವುದು. ರೇಡಾರಿನಂಥ ಸಾಧನಕ್ಕೆ ಈ ಮಾತು ಹೇಳುವಂತಿಲ್ಲ. ಪ್ರೊಪೆಲ್ಲರಿಗೆ ಹೇಳಬಹುದು. ಸಾವಿರಾರು ಟನ್ನಿನ ಹಡಗು ನೀರು ಸೀಳಿಕೊಂಡು ಹೊರಟಿರುವಾಗ ಪ್ರೊಪೆಲ್ಲರು ಅರೆಗಳಿಗೆ ಸಡಿಲ ಬಿಟ್ಟದ್ದು ಮೇಲಿನ ಡೆಕ್ಕಿನಲ್ಲಿ ಕಾಫಿ ಕುಡಿಯುವವರ ಲೋಟದಲ್ಲೂ ಕಾಣುವುದಿಲ್ಲ.